ಎಲೆಕ್ಟ್ರಿಕ್ ಕಾರು ಎಷ್ಟು ಸ್ಪೀಡಾಗಿ ಓಡಬಲ್ಲದು?

ತುಂಬಾನೇ ಸ್ಪೀಡಾಗಿ. ಗಂಟೆಗೆ 100 ಕಿ.ಮೀ. ದಾಟಿದ ಮೊದಲ ಕಾರೇ ಎಲೆಕ್ಟ್ರಿಕ್ ಗೊತ್ತಾ? 1899ರಲ್ಲಿ ಪ್ಯಾರಿಸ್ ಹತ್ತಿರ ಬೆಲ್ಜಿಯಂನ ರೇಸರ್ ಕಮೀಲ್ ಜೆನಾಟ್ಸಿ ಅದನ್ನು ಸುಮಾರು 105 ಕಿ.ಮೀ. ವೇಗದಲ್ಲಿ ಓಡಿಸಿದ್ದರು.

ಈಗಿನ ಮಾತಿಗೆ ಬಂದರೆ, ಕ್ರೊಯೇಷಿಯಾದ ರಿಮಾಕ್ ನೆವೆರಾ 2022ರಲ್ಲಿ ಜರ್ಮನಿಯ ಟ್ರ್ಯಾಕ್‌ನಲ್ಲಿ 412 ಕಿ.ಮೀ. ಮುಟ್ಟಿತು. 2025ರಲ್ಲಿ ಚೀನಾದ ಯಾಂಗ್‌ವಾಂಗ್ ಯು9 ಎಕ್ಸ್‌ಟ್ರೀಮ್ 496 ದಾಟಿತು!

ಆದರೆ ನಾವು ಕೊಳ್ಳುವ ಕಾರುಗಳು ಸಾಮಾನ್ಯವಾಗಿ 150ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಯಾಕೆ? ಹೆಚ್ಚಿನವಕ್ಕೆ ಒಂದೇ ಗೇರ್. ಮೋಟಾರ್ ತಿರುಗುವುದಕ್ಕೂ ಒಂದು ಮಿತಿ ಇದೆ. ಅದಕ್ಕಿಂತ ದೊಡ್ಡ ಶತ್ರು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಬೇಕಾಗುವ ಪವರ್ ಎಂಟು ಪಟ್ಟು ಆಗುತ್ತದೆ. ಬ್ಯಾಟರಿ ಬಿಸಿಯಾಗುತ್ತದೆ, ಚಾರ್ಜ್ ನೀರಿನಂತೆ ಖಾಲಿಯಾಗುತ್ತದೆ. ಅದಕ್ಕೇ ಕಂಪನಿಯವರು ಸಾಫ್ಟ್‌ವೇರ್‌ನಲ್ಲೇ ಲಗಾಮು ಹಾಕಿರುತ್ತಾರೆ.

ನಿಜವಾದ ಮಜಾ ಇರುವುದು ಪಿಕಪ್‌ನಲ್ಲಿ. ಮೋಟಾರ್ ನಿಂತಲ್ಲಿಂದಲೇ ಪೂರ್ತಿ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುತ್ತದೆ, ಹಾಗಾಗಿ ನೆವೆರಾ ಎರಡು ಸೆಕೆಂಡಿನೊಳಗೆ 100 ಮುಟ್ಟುತ್ತದೆ. ನಮ್ಮ ಬೆಂಗಳೂರಿನ ಪುಟಾಣಿ ಎಲೆಕ್ಟ್ರಿಕ್ ಕಾರು ರೇವಾ 80 ದಾಟಲು ಒದ್ದಾಡುತ್ತಿತ್ತು. ಸಿಲ್ಕ್ ಬೋರ್ಡ್ ಟ್ರಾಫಿಕ್‌ಗೆ ಅದೂ ಜಾಸ್ತಿನೇ ಅಲ್ವಾ!