ಕಾಯಿಲೆ ಎಷ್ಟು ಅನ್ನುವುದಕ್ಕಿಂತ ಕಾಲಿನ ಬಲ ಎಷ್ಟು?

ಓದುಗರ ಪತ್ರ: ಅಪ್ಪನಿಗೆ 81 ವರ್ಷ. ಸಕ್ಕರೆ ಕಾಯಿಲೆ, ಬಿಪಿ, ಮಂಡಿ ನೋವು. ದಿನವಿಡೀ ಮಾತ್ರೆ, ಕುರ್ಚಿ, ಟಿವಿ, ಇಷ್ಟೇ. ಆಯುಸ್ಸು ಹೆಚ್ಚಿಸುತ್ತೇವೆಂದು ವೈದ್ಯರು ನರಳಾಟವನ್ನೇ ಉದ್ದ ಮಾಡಿದರಲ್ವಾ?

ಸಂಪಾದಕರ ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ನೀವು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, 2000ದಲ್ಲಿ ಜಗತ್ತಿನ ಸರಾಸರಿ ಆಯುಸ್ಸು ಸುಮಾರು 67 ವರ್ಷ ಇತ್ತು. 2019ರ ಹೊತ್ತಿಗೆ 73 ದಾಟಿತು. ಆರೋಗ್ಯವಾಗಿ ಬದುಕುವ ವರ್ಷಗಳೂ ಏರಿದವು, ಆದರೆ 58ರಿಂದ 63ರ ಆಸುಪಾಸಿಗೆ. ನಡುವೆ ಹೆಚ್ಚುಕಡಿಮೆ ಹತ್ತು ವರ್ಷ ಅನಾರೋಗ್ಯದಲ್ಲಿ ಕಳೆಯುವ ಕಾಲವಾಗಿ ಉಳಿಯಿತು. ಹಿಂದೆ ಹೃದಯಾಘಾತವಾದರೆ ಎಷ್ಟೋ ಜನ ಉಳಿಯುತ್ತಲೇ ಇರಲಿಲ್ಲ. ಈಗ ಉಳಿಯುತ್ತಾರೆ, ಸೋತ ಹೃದಯವನ್ನಿಟ್ಟುಕೊಂಡೇ ವರ್ಷಗಟ್ಟಲೆ ಬಾಳುತ್ತಾರೆ. ಇದನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಆ ಕುರ್ಚಿ. ಮೂರು ಕಾಯಿಲೆ ಇದ್ದೂ ತಾವೇ ಸ್ನಾನ ಮಾಡಿ, ಗೆಳೆಯರ ಮನೆಗೆ ನಡೆದು ಹೋಗುವವರಿದ್ದಾರೆ. ಒಂದೇ ಕಾಯಿಲೆಗೆ ಹಾಸಿಗೆ ಹಿಡಿದವರೂ ಇದ್ದಾರೆ. ಎಷ್ಟೋ ಸಲ ಈ ವ್ಯತ್ಯಾಸ ಇರುವುದು ಕಾಲಿನ ಬಲದಲ್ಲಿ. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಸುಮ್ನೆ ಕೂತರೆ ಇನ್ನೂ ಬೇಗ.

1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನೋಡಿ. ವೃದ್ಧರ ಆರೈಕೆ ಕೇಂದ್ರವೊಂದರಲ್ಲಿದ್ದ, 90ರ ಆಸುಪಾಸಿನ ಹತ್ತು ಮಂದಿ ನಿತ್ರಾಣಿಗಳಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಕೊಟ್ಟರು. ಕೊನೆವರೆಗೆ ಮಾಡಿದವರ ಕಾಲಿನ ಬಲ ದುಪ್ಪಟ್ಟಿಗಿಂತ ಜಾಸ್ತಿಯಾಯಿತು. ಇಬ್ಬರು ಊರುಗೋಲನ್ನೇ ಬಿಟ್ಟರು. ಆ ವಯಸ್ಸಿನಲ್ಲಿ! ನಿಮ್ಮ ತಂದೆಗೆ 81 ಅಷ್ಟೇ.

ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ ಶುರು ಮಾಡಿ. ಕುರ್ಚಿಯಿಂದ ಏಳುವುದು, ಕೂರುವುದು, ಮತ್ತೆ ಏಳುವುದು. ಮೊದಮೊದಲು ಕೈ ಊರಲಿ, ಪಕ್ಕದಲ್ಲಿ ನೀವಿರಿ. ಮಂಡಿ ನೋವಿದೆಯೆಂದು ಪೂರ್ತಿ ಕೂರಿಸಿಬಿಡಬೇಡಿ. ತೊಡೆ ಗಟ್ಟಿಯಾದರೆ ಮಂಡಿಗೂ ಆರಾಮ.

ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಯಾವುದು ಯಾತಕ್ಕೆ, ಯಾವುದರಿಂದ ತಲೆ ಸುತ್ತುತ್ತದೆ, ಯಾವುದನ್ನು ನಿಲ್ಲಿಸಬಹುದು ಅಂತ ಕೇಳಿ. ಆದರೆ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಕಿವಿ ಕೇಳಿಸುತ್ತದೆಯೇ ಎಂಬುದನ್ನೂ ಪರೀಕ್ಷೆ ಮಾಡಿಸಿ. ಕಿವಿ ಮಂದವಾದವರು ಮಾತಿನಿಂದ ಹಿಂದೆ ಸರಿದು ಟಿವಿ ಮುಂದೆ ಕೂರುವುದುಂಟು.

ಇನ್ನೊಂದು. ಪತ್ರದಲ್ಲಿ ಅಪ್ಪನ ಕಾಯಿಲೆಗಳೆಲ್ಲ ಇವೆ, ಅಪ್ಪನ ಆಸೆ ಒಂದೂ ಇಲ್ಲ. ಅವರಿಗೆ ಎಲ್ಲಿಗೆ ಹೋಗಬೇಕು, ಯಾರನ್ನು ನೋಡಬೇಕು? ಕೇಳಿ, ಅದನ್ನೂ ವೈದ್ಯರಿಗೆ ಹೇಳಿ. ಆಮೇಲೆ ನನಗೂ ಬರೆಯಿರಿ.