ಒಲೆಗೆ ಹಾಕು ಎಂದಿದ್ದ ಪತ್ರ

ಪ್ರಶ್ನೆ: ನನಗೆ 62 ವರ್ಷ. ತೀರ್ಥಹಳ್ಳಿ ಸಮೀಪ ಅಡಿಕೆ ತೋಟವಿದೆ. ಕಾಲೇಜು ದಿನಗಳ ಗೆಳೆಯನೊಬ್ಬ ಪ್ರಯೋಗಶೀಲ ಸಂಗೀತಗಾರ. ಹಂಡೆ, ಅಡಿಕೆ ಹಾಳೆ, ಜೀರುಂಡೆಗಳ ಸದ್ದನ್ನು ಟೇಪಿನಲ್ಲಿ ಹಿಡಿದು ಜೋಡಿಸುತ್ತಿದ್ದ. ಎರಡು ವರ್ಷದ ಹಿಂದೆ ತೀರಿಕೊಂಡ. ಅವನು ಬರೆದ ಸುಮಾರು 80 ಪತ್ರಗಳನ್ನು ಶಿಷ್ಯನೊಬ್ಬ ಪುಸ್ತಕ ಮಾಡಲು ಕೇಳುತ್ತಿದ್ದಾನೆ. ಒಂದರಲ್ಲಿ ಸಂಸಾರದ ಬೇಸರ ತೋಡಿಕೊಂಡು, ‘ಓದಿ ಒಲೆಗೆ ಹಾಕು’ ಎಂದಿದ್ದಾನೆ. ನಾನು ಹಾಕಲಿಲ್ಲ. ಕೊಡಲೇ, ಸುಡಲೇ?
– ಹೆಸರು ಬೇಡ

ಉತ್ತರ: ಮೊದಲು ಅವು ಎಲ್ಲಿವೆ ನೋಡಿ. ಅಟ್ಟದ ಟ್ರಂಕಿನಲ್ಲಿದ್ದರೆ ಇವತ್ತೇ ಇಳಿಸಿ. ನಮ್ಮ ಮಳೆಗಾಲದಲ್ಲಿ ಇನ್‌ಲ್ಯಾಂಡ್ ಪತ್ರ ಮಡಿಕೆಯಲ್ಲೇ ಬೂಷ್ಟು ಹಿಡಿಯುತ್ತದೆ, ಬಿಡಿಸಲು ಹೋದರೆ ಅಲ್ಲಿನ ಸಾಲು ಕಿತ್ತು ಬರುತ್ತದೆ. ಬಿಸಿಲಿಗೆ ಹರವಬೇಡಿ, ಶಾಯಿ ಮಾಸುತ್ತದೆ. ನೆರಳಲ್ಲಿ ಆರಲಿ.

ಕಾಗದ ನಿಮ್ಮದು, ಅದರ ಮೇಲಿನ ಬರಹ ನಿಮ್ಮದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಆ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ನೀವು ಹೂಂ ಎಂದರೂ ಮನೆಯವರು ಒಪ್ಪದೆ ಶಿಷ್ಯ ಅಚ್ಚು ಹಾಕಿಸುವಂತಿಲ್ಲ. ತೊಡಕು ಇಲ್ಲೇ ಇದೆ. ಒಪ್ಪಬೇಕಾದರೆ ನಿಮ್ಮ ಗೆಳೆಯನ ಹೆಂಡತಿ ಓದಬೇಕು, ಓದಲು ಕುಳಿತರೆ ಆ ಪತ್ರವೂ ಕೈಗೆ ಸಿಗುತ್ತದೆ.

ಸಿಗಬಾರದು. ಯಾವುದೋ ಸಂಜೆ ಬೇಸರದಲ್ಲಿ ಗೆಳೆಯನ ಮುಂದೆ ಆಡಿದ ಮಾತು ಅದು. ಈಗ ಓದಿ ಆಕೆ ಜಗಳವಾಡೋಣವೆಂದರೂ ಎದುರಿಗೆ ಗಂಡನಿಲ್ಲ. ಅಮೆರಿಕದ ಪ್ರಯೋಗಶೀಲ ಸಂಗೀತಗಾರ ಜಾನ್ ಕೇಜ್ ತೀರಿಕೊಂಡದ್ದು 1992ರಲ್ಲಿ, ಅವರ ಸಂಗಾತಿ, ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ 2009ರಲ್ಲಿ. ಕನಿಂಗ್‌ಹ್ಯಾಮ್‌ಗೆ ಕೇಜ್ ಬರೆದ ಪ್ರೇಮಪತ್ರಗಳು ಪ್ರತ್ಯೇಕ ಪುಸ್ತಕವಾದದ್ದು 2019ರಲ್ಲಿ. ಅಷ್ಟು ಹೊತ್ತಿಗೆ ಬರೆದವರೂ ಇರಲಿಲ್ಲ, ಓದಿದವರೂ ಇರಲಿಲ್ಲ. ಆ ಶಿಷ್ಯ ಮಹಾಶಯನಿಗೆ ಏನು ಅವಸರವೋ!

ಒಂದು ಮಧ್ಯಾಹ್ನ ನೀವೊಬ್ಬರೇ ಕುಳಿತು ಆರಿಸಿ. ಹಸಿ ಅಡಿಕೆ ಹಾಳೆಯ ಮೇಲೆ ಮಳೆ ಬಿದ್ದಾಗಿನ ಸದ್ದೇನು, ಒಣಗಿದ್ದರ ಮೇಲೆ ಬಿದ್ದಾಗಿನದೇನು, ಟೇಪು ಎಲ್ಲಿ ಇಟ್ಟಿದ್ದೆ ಎಂದೆಲ್ಲ ಬರೆದಿರಬಹುದಾದ ಪತ್ರಗಳು ಸಂಗೀತ ಕಲಿಯುವವರಿಗೆ ಬೇಕು. ಅವುಗಳ ಜೆರಾಕ್ಸ್ ಮೊದಲು ಅವರ ಹೆಂಡತಿಗೆ ತಲುಪಲಿ, ಅವರು ಒಪ್ಪಿದ ಮೇಲೆ ಶಿಷ್ಯನಿಗೆ. ಮನೆಮಾತಿನವು ನಿಮ್ಮಲ್ಲೇ ಇರಲಿ.

ಆ ಒಂದು ಪತ್ರವನ್ನು ಮಾತ್ರ ಸುಟ್ಟುಬಿಡಿ. ಸಂಶೋಧಕರು ನನ್ನನ್ನು ಬೈದರೆ ಬೈಯಲಿ. ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಮಾಡುವಾಗ ನಿಮ್ಮ ಕೈಯಾರೆ ಹಾಕಿ, ಕೆಲಸದವರಿಗೆ ಕೊಡಬೇಡಿ. ಆಮೇಲೆ ಶಿಷ್ಯ ಬಂದು ‘ಇನ್ನೇನಾದರೂ ಇತ್ತೇ?’ ಎಂದರೆ ‘ಇತ್ತು’ ಎಂದು ಹೇಳಿ ಕಾಫಿ ಕೊಡಿ.