ಬಿ ಫಾರಂ ಯಾರ ಜೇಬಿನಲ್ಲಿ?

'ಮೂವತ್ತು ವರ್ಷ ಬಾವುಟ ಕಟ್ಟಿದವರಿಗೆ ಟಿಕೆಟ್ ಇಲ್ಲ, ನಿನ್ನೆ ಸೇರಿದವರಿಗೆ ಬಿ ಫಾರಂ. ಪಕ್ಷಗಳಿಗೆ ನಿಯಮವೇ ಇಲ್ಲವೇ?'
– ತಿಪಟೂರಿನ ಓದುಗರು

ನಿಯಮ ಇಲ್ಲ ಅಂತ ಯಾರು ಹೇಳಿದರು ಸ್ವಾಮಿ? ಬೇಕಾದಷ್ಟಿವೆ. 2023ರ ವಿಧಾನಸಭೆ ಚುನಾವಣೆಗೆ ಕಾಂಗ್ರೆಸ್ ಅರ್ಜಿ ಕರೆದಾಗ ಅರ್ಜಿಗೆ 5,000 ರೂಪಾಯಿ, ಜತೆಗೆ 2 ಲಕ್ಷದ ಡಿಡಿ. ಪರಿಶಿಷ್ಟರಿಗೆ 1 ಲಕ್ಷ. ಇದು ಬರೆದ ನಿಯಮ. ಯಾವ ಜಾತಿ, ಕೈಯಲ್ಲೆಷ್ಟಿದೆ, ದಿಲ್ಲಿಯಲ್ಲಿ ಯಾರ ಪರಿಚಯ? ಇದು ಬರೆಯದ್ದು. ಚುನಾವಣಾ ಆಯೋಗವೂ ಕಟ್ಟುನಿಟ್ಟೇ. ನಾಮಪತ್ರದ ಕೊನೇ ದಿನ ಮಧ್ಯಾಹ್ನ 3 ಗಂಟೆಯೊಳಗೆ, ಪಕ್ಷದ ಅಧಿಕೃತ ಅಭ್ಯರ್ಥಿ ಇವರೇ ಅಂತ ಪಕ್ಷ ಬರೆದುಕೊಡುವ ಬಿ ಫಾರಂ ತಲುಪಬೇಕು, ಸಹಿ ಶಾಯಿಯಲ್ಲೇ ಇರಬೇಕು. ಆ ಹೆಸರನ್ನು ಹೇಗೆ ಆರಿಸಿದಿರಿ ಅಂತ ಮಾತ್ರ ಕೇಳುವುದಿಲ್ಲ.

ಗೆಲ್ಲುವ ಕುದುರೆ ಬೇಕು ಅನ್ನುವ ಹೈಕಮಾಂಡ್ ಮಾತು ಪೂರ್ತಿ ಸುಳ್ಳಲ್ಲ, ಒಪ್ಪೋಣ. 2014ರಲ್ಲಿ ಕಾಂಗ್ರೆಸ್ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡದಲ್ಲಿ ಪಕ್ಷದವರಿಂದಲೇ ಮತ ಹಾಕಿಸಿ ಅಭ್ಯರ್ಥಿ ಆರಿಸಿತು. ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಆಯ್ಕೆಯಾದರು. ಲೋಕಸಭೆಗೆ ಇಬ್ಬರೂ ಸೋತರು. 'ನೋಡಿದ್ರಾ?' ಅಂದರು ಹೈಕಮಾಂಡಿನವರು, ಪ್ರಯೋಗ ಅಟ್ಟ ಸೇರಿತು. ಆದರೆ ಆ ವರ್ಷ ಹೈಕಮಾಂಡ್ ಆರಿಸಿದವರೂ ಸಾಲುಸಾಲಾಗಿ ಸೋತು, ದೇಶದಲ್ಲಿ ಉಳಿದದ್ದು 44 ಸೀಟು. ಹೈಕಮಾಂಡನ್ನು ಯಾರೂ ಅಟ್ಟಕ್ಕೆ ಹಾಕಲಿಲ್ಲವಲ್ಲ!

ಬಿಜೆಪಿ ಕಥೆಯೂ ಅಷ್ಟೇ. 2023ರಲ್ಲಿ ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್‌ಗೆ ಟಿಕೆಟ್ ಇಲ್ಲ ಅಂದರು. ಅವರು ಕಾಂಗ್ರೆಸ್‌ಗೆ ಹೋಗಿ ಹುಬ್ಬಳ್ಳಿಯಲ್ಲಿ ಸೋತರು. ಮರುವರ್ಷ ವಾಪಸ್ ಬಂದವರಿಗೆ ಅದೇ ಪಕ್ಷ ಬೆಳಗಾವಿ ಲೋಕಸಭೆ ಟಿಕೆಟ್ ಕೊಟ್ಟಿತು, ಗೆದ್ದರು. ಒಂದೇ ವರ್ಷದಲ್ಲಿ ಯಾವ ನಿಯಮ ಬದಲಾಯಿತೋ!

ನಾನು ಹೊಸದಾಗಿ ವರದಿಗಾರನಾಗಿದ್ದಾಗ ಒಬ್ಬ ಕಾರ್ಯಕರ್ತರನ್ನು ನೋಡಿದ್ದೆ. ಟಿಕೆಟ್ ತಮಗೇ ಅಂತ ಡೊಳ್ಳಿನವರನ್ನು ಕರೆಸಿ, ತೆರೆದ ಜೀಪಿಗೆ ಹೂ ಕಟ್ಟಿಸಿದ್ದರು. ಮಧ್ಯಾಹ್ನ ಕಾರೊಂದು ಬಂತು. ಬಿ ಫಾರಂ ಅದರಲ್ಲಿದ್ದವರ ಜೇಬಿನಲ್ಲಿತ್ತು. ಈತ ತಮಗೆ ತಂದಿದ್ದ ಹಾರವನ್ನೇ ಅವರ ಕೊರಳಿಗೆ ಹಾಕಿದರು. ಡೊಳ್ಳಿನವರ ದುಡ್ಡನ್ನೂ ತಾವೇ ಕೊಟ್ಟರಂತೆ.

ನಮ್ಮೂರ ಹಾಲಿನ ಸೊಸೈಟಿಯಲ್ಲೂ ನಿರ್ದೇಶಕರನ್ನು ಸದಸ್ಯರೇ ಮತ ಹಾಕಿ ಆರಿಸುತ್ತಾರೆ. ದೇಶ ಆಳಲು ಹೊರಟ ಪಕ್ಷದ ಸದಸ್ಯನಿಗೆ ಅಷ್ಟೂ ಇಲ್ಲ. ರಸೀದಿ ಪುಸ್ತಕ ಹಿಡಿಯಲು ಬೇಕು, ಕುರ್ಚಿ ಹಾಕಲು ಬೇಕು, ಹೆಸರು ಬರೆಯುವಾಗ ಬೇಡ. ನಮ್ಮ ಪತ್ರಿಕೆಗಳೂ ಸಾಚಾ ಅಲ್ಲ ಬಿಡಿ. 'ಯಾರಿಗೆ ಟಿಕೆಟ್?' ಅಂತ ಪುಟಗಟ್ಟಲೆ ಬರೆಯುತ್ತೇವೆ, ಕೊಟ್ಟವರು ಯಾರು ಅಂತ ಕೇಳುವುದಿಲ್ಲ.

ನಿಮಗೂ ಒಂದು ಮಾತು, ಬೇಜಾರಾಗಬೇಡಿ. ಪತ್ರದ ಎರಡನೇ ಪುಟದಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಯಾವ ಜಾತಿಯ ಮತ ಎಷ್ಟು ಅಂತ ನೀವೇ ಪಟ್ಟಿ ಕೊಟ್ಟಿದ್ದೀರಿ. ಅದನ್ನು ಅಚ್ಚು ಹಾಕಿಲ್ಲ.